ಸಿಎ-125: ಒಂದು ರಕ್ತಪರೀಕ್ಷೆ ನಡೆದು ಬಂದ ದಾರಿ

ಅಂಡಾಶಯದ ಕ್ಯಾನ್ಸರು ಗೊತ್ತಾಗುವ ಹೊತ್ತಿಗೆ ಹೆಚ್ಚಿನ ಹೆಂಗಸರಲ್ಲಿ ಅದು ಹೊಟ್ಟೆಯೊಳಗೆಲ್ಲ ಹರಡಿರುತ್ತದೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನಿಸುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವನ್ನೆಲ್ಲ ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ದೂಡುವವರು ಬಹಳ. ರಕ್ತದಲ್ಲೇ ಇದರ ಸುಳಿವನ್ನು ಮೊದಲು ಹಿಡಿಯಬಹುದೇ ಎಂದು ನಲವತ್ತು ವರ್ಷ ನಡೆದ ಹುಡುಕಾಟವನ್ನು ಸಾಮಾನ್ಯವಾಗಿ ಸೋಲಿನ ಕತೆಯೆಂದು ಹೇಳುತ್ತಾರೆ. ನಾನದನ್ನು ಒಪ್ಪುವುದಿಲ್ಲ. ರೋಗವನ್ನು ಬೇಗ ಪತ್ತೆ ಹಚ್ಚಿದ ಮಾತ್ರಕ್ಕೆ ಜೀವ ಉಳಿಯುತ್ತದೆ ಎಂಬ ನಂಬಿಕೆಯನ್ನು ಇಷ್ಟು ಪ್ರಾಮಾಣಿಕವಾಗಿ ಒರೆಗೆ ಹಚ್ಚಿದ ಅಧ್ಯಯನಗಳು ವಿರಳ.

1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಕೇಂಬ್ರಿಜ್‌ನಲ್ಲಿ ಮಾನೊಕ್ಲೋನಲ್ ಪ್ರತಿಕಾಯ ತಯಾರಿಸುವ ವಿಧಾನ ಕಂಡುಹಿಡಿದರು. ಅದನ್ನು ಬಳಸಿ ಬಾಸ್ಟನ್‌ನಲ್ಲಿ ರಾಬರ್ಟ್ ಬಾಸ್ಟ್, ರಾಬರ್ಟ್ ನ್ಯಾಪ್ ಮತ್ತು ಸಂಗಡಿಗರು ಅಂಡಾಶಯ ಕ್ಯಾನ್ಸರಿನ ಜೀವಕೋಶಗಳನ್ನು ಇಲಿಗಳಿಗೆ ಚುಚ್ಚಿ, 1981ರಲ್ಲಿ ಒಸಿ-125 ಎಂಬ ಪ್ರತಿಕಾಯವನ್ನು ಪಡೆದರು. ಅದು ಗುರುತಿಸುವ ಪ್ರೋಟೀನೇ ಸಿಎ-125. 1983ರ ವರದಿಯಲ್ಲಿ ಮಿಲಿಲೀಟರಿಗೆ 35 ಯೂನಿಟ್ ಎಂಬ ಮಿತಿ ಬಂತು: ಕ್ಯಾನ್ಸರ್ ಇದ್ದ 101 ಮಂದಿಯಲ್ಲಿ 83 ಮಂದಿ ಅದನ್ನು ದಾಟಿದ್ದರು, ಆರೋಗ್ಯವಂತರೆನಿಸಿದ 888 ಮಂದಿಯಲ್ಲಿ ಶೇ. 1ರಷ್ಟು ಮಾತ್ರ. ಆದರೆ ಆ ವರದಿಯ ಗಮನವಿದ್ದುದು ಚಿಕಿತ್ಸೆಯಲ್ಲಿರುವವರ ಮೇಲೆ. ರೋಗ ಏರಿದಾಗ ಸಿಎ-125 ಏರಿತು, ಇಳಿದಾಗ ಇಳಿಯಿತು. ಜಾಡು ಹಿಡಿಯಲು ಹುಟ್ಟಿದ ಪರೀಕ್ಷೆಯನ್ನು ಪತ್ತೆದಾರಿಕೆಗೆ ಹಚ್ಚಿದ್ದು ಆಮೇಲೆ.

ತೊಡಕು ಲೆಕ್ಕದಲ್ಲೇ ಇತ್ತು. ಮುಟ್ಟು ನಿಂತ ಹೆಂಗಸರಲ್ಲಿ ಈ ಕ್ಯಾನ್ಸರು ಸುಮಾರು 2,500ಕ್ಕೆ ಒಬ್ಬರಲ್ಲಿರುತ್ತದೆ. ಹತ್ತು ಸಾವಿರ ಮಂದಿಯನ್ನು ಪರೀಕ್ಷಿಸಿದರೆ ರೋಗವಿರುವವರು ನಾಲ್ವರು, ಶೇ. 1ರಷ್ಟೇ ತಪ್ಪು ಎಂದರೂ ಸುಮ್ಮನೆ ಹೆದರುವವರು ನೂರು ಮಂದಿ. ಮೊಲೆಯ ಗಂಟಾದರೆ ಸೂಜಿ ಹಾಕಿ ನೋಡಬಹುದು. ಅಂಡಾಶಯದ ಮೇಲಿನ ಅನುಮಾನ ತೀರಬೇಕಾದರೆ ಬಹುತೇಕ ಆಪರೇಷನ್ನೇ ಆಗಬೇಕು. ಮೇಲಾಗಿ, ಮೊದಲ ಹಂತದ ರೋಗಿಗಳಲ್ಲಿ ಅರ್ಧದಷ್ಟು ಜನರ ಸಿಎ-125 ಮಿತಿಯೊಳಗೇ ಇರುತ್ತದೆ. ಅತ್ತ ಮುಟ್ಟು, ಬಸಿರು, ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಲಿವರ್ ಕಾಯಿಲೆಗಳಲ್ಲೂ ಅದು ಏರುತ್ತದೆ. ಹೊಟ್ಟೆಯ ಕ್ಷಯದಲ್ಲಿ ಹೊಟ್ಟೆಗೆ ನೀರು ತುಂಬಿ, ಸಿಎ-125 ನೂರಾರಕ್ಕೆ ಹೋಗಿ, ಕ್ಯಾನ್ಸರೆಂದೇ ತೋರುವುದು ನಮ್ಮ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಇಷ್ಟಾದರೂ ಕೆಲವು ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಈ ಪರೀಕ್ಷೆ ಸೇರಿಕೊಂಡಿರುವುದು ನನಗೆ ಕಳವಳದ ವಿಷಯ.

ಅಮೆರಿಕದ ಪಿಎಲ್‌ಸಿಒ ಅಧ್ಯಯನ 78,216 ಮಹಿಳೆಯರನ್ನು ಒಳಗೊಂಡು, 35ರ ಮಿತಿಯನ್ನೇ ನೆಚ್ಚಿ, ಜತೆಗೆ ಅಲ್ಟ್ರಾಸೌಂಡ್ ಮಾಡಿಸಿತು. 2011ರಲ್ಲಿ ಫಲಿತಾಂಶ ಬಂತು. ಸಾವು ತಗ್ಗಿರಲಿಲ್ಲ. ರೋಗವಿಲ್ಲದೆಯೂ 3,285 ಮಂದಿಗೆ ಅನುಮಾನದ ವರದಿ ಹೋಗಿತ್ತು. ಅವರಲ್ಲಿ 1,080 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು, ಆ ಪೈಕಿ ಶೇ. 15ರಷ್ಟು ಜನ ಅದರಿಂದಲೇ ಗಂಭೀರ ತೊಂದರೆಗೆ ಸಿಕ್ಕಿದ್ದರು.

ಬ್ರಿಟನ್ನಿನ ಇಯನ್ ಜೇಕಬ್ಸ್ ಮತ್ತು ಬಾಸ್ಟನ್ನಿನ ಸಂಖ್ಯಾಶಾಸ್ತ್ರಜ್ಞ ಸ್ಟೀವನ್ ಸ್ಕೇಟ್ಸ್ ಬೇರೆ ದಾರಿ ಹಿಡಿದರು. ಒಬ್ಬಾಕೆಯ ಸಿಎ-125 ವರ್ಷ ವರ್ಷವೂ 40ರಲ್ಲೇ ನಿಂತಿದ್ದರೆ ಅಷ್ಟು ಭಯವಿಲ್ಲ. ಇನ್ನೊಬ್ಬಾಕೆಯದು 8ರಿಂದ 14ಕ್ಕೆ, 14ರಿಂದ 26ಕ್ಕೆ ಹೋದರೆ, ಮಿತಿ ದಾಟದಿದ್ದರೂ, ಅದನ್ನು ಗಮನಿಸಬೇಕು. ಅವರವರ ಏರಿಳಿತವನ್ನೇ ಅಳತೆಗೋಲು ಮಾಡಿದ ಈ ಕ್ರಮಕ್ಕೆ ರೋಕಾ ಎಂದು ಹೆಸರು. ಇದನ್ನು ಪರೀಕ್ಷಿಸಲೆಂದೇ ಯುಕೆಸಿಟಾಕ್ಸ್ ಅಧ್ಯಯನ 2001ರಿಂದ 2005ರವರೆಗೆ 50ರಿಂದ 74 ವಯಸ್ಸಿನ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡಿತು.

ಅದು ನಡೆಯುತ್ತಿದ್ದಾಗಲೇ, 2002ರಲ್ಲಿ, ರಕ್ತದ ಪ್ರೋಟೀನುಗಳ ವಿನ್ಯಾಸ ನೋಡಿ 50ಕ್ಕೆ 50 ಕ್ಯಾನ್ಸರನ್ನೂ ಹಿಡಿದೆವೆಂಬ ಸುದ್ದಿ ಅಮೆರಿಕದಿಂದ ಬಂತು. ಕೀತ್ ಬ್ಯಾಗರ್ಲಿ ಮತ್ತು ಸಹೋದ್ಯೋಗಿಗಳು ಅದೇ ದತ್ತಾಂಶವನ್ನು ಕೆದಕಿ ನೋಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ.

ಉಷಾ ಮೆನನ್ ನೇತೃತ್ವದಲ್ಲಿ ಯುಕೆಸಿಟಾಕ್ಸ್‌ನ ಅಂತಿಮ ವರದಿ 2021ರಲ್ಲಿ ಪ್ರಕಟವಾಯಿತು. ರೋಕಾ ಗುಂಪಿನಲ್ಲಿ ಮೊದಲ ಹಂತದಲ್ಲಿ ಸಿಕ್ಕ ಕ್ಯಾನ್ಸರುಗಳು ಶೇ. 47ರಷ್ಟು ಹೆಚ್ಚು, ನಾಲ್ಕನೆಯ ಹಂತದವು ಶೇ. 24.5ರಷ್ಟು ಕಡಿಮೆ. ಆದರೂ ಈ ರೋಗದಿಂದ ಸತ್ತವರು ಪರೀಕ್ಷೆಯಾದ ಗುಂಪುಗಳಲ್ಲೂ ಆಗದ ಗುಂಪಿನಲ್ಲೂ ಶೇ. 0.6. ಎರಡು ದಶಕದ ದುಡಿಮೆಯ ಕೊನೆಗೆ ಇಂಥ ಅಂಕಿಯನ್ನು ಮುಚ್ಚುಮರೆಯಿಲ್ಲದೆ ಜನರ ಮುಂದಿಟ್ಟವರ ಬಗ್ಗೆ ನನಗೆ ತುಂಬು ಗೌರವವಿದೆ.

ಹೀಗೇಕಾಯಿತು? ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಬಗೆಯ ಕ್ಯಾನ್ಸರು ಅನೇಕರಲ್ಲಿ ಅಂಡಾಶಯದಲ್ಲಿ ಹುಟ್ಟುವುದೇ ಇಲ್ಲ, ಅಂಡನಾಳದ ತುದಿಯಲ್ಲಿ ಮೊಳೆಯುತ್ತದೆ ಎಂಬುದು ಈ ಶತಮಾನದ ಮೊದಲ ದಶಕದಲ್ಲಿ ಸ್ಪಷ್ಟವಾಯಿತು. ಆ ತುದಿ ಹೊಟ್ಟೆಯೊಳಕ್ಕೆ ತೆರೆದೇ ಇರುತ್ತದೆ. ಗೆಡ್ಡೆ ಕಣ್ಣಿಗೆ ಕಾಣುವ ಮುನ್ನವೇ ಕೋಶಗಳು ಉದುರಿ ಹರಡಬಲ್ಲವು. ರಕ್ತದಲ್ಲಿ ಸಿಎ-125 ಏರುವಷ್ಟರಲ್ಲಿ ಹೊತ್ತು ಮೀರಿರಬಹುದು.

ಸಿಎ-125 ಮೂಲೆಗೆ ಬಿದ್ದಿಲ್ಲ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಇಂದಿಗೂ ಅದನ್ನೇ ಬಳಸುತ್ತಾರೆ. 2011ರ ಬ್ರಿಟಿಷ್ ಮಾರ್ಗಸೂಚಿಯಂತೆ ಉಬ್ಬರ, ನೋವು ಬಿಡದೆ ಕಾಡುವ ಮಹಿಳೆಗೆ ಈ ಪರೀಕ್ಷೆ ಮಾಡಿಸಿ, 35 ದಾಟಿದರೆ ಸ್ಕ್ಯಾನಿಂಗಿಗೆ ಕಳಿಸಬೇಕು. ಯುಕೆಸಿಟಾಕ್ಸ್‌ಗೆ ಸೇರಿದ ಮಹಿಳೆಯರ ರಕ್ತದ ಮಾದರಿಗಳನ್ನೂ ಕಾಪಿಟ್ಟಿದ್ದಾರೆ. ರೋಗ ಕಾಣಿಸುವ ವರ್ಷಗಳ ಮುಂಚೆಯೇ ತೆಗೆದಿಟ್ಟ ರಕ್ತವೂ ಅದರಲ್ಲಿರುವುದರಿಂದ, ಸಿಎ-125ಕ್ಕಿಂತ ಮೊದಲು ಏರುವ ಗುರುತು ಯಾವುದಾದರೂ ಇದೆಯೇ ಎಂಬ ಹುಡುಕಾಟಕ್ಕೆ ಸಂಶೋಧಕರು ಅವನ್ನೇ ಬಳಸುತ್ತಿದ್ದಾರೆ.