ಕಪ್ಪು ಪರದೆಯ ಡಾಸ್ ಮತ್ತು ಇಂದಿನ ಯಂತ್ರಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಗಣಕಯಂತ್ರಗಳ ನಡುವೆಯೇ ಉದ್ಯೋಗದಲ್ಲಿದ್ದಾರೆ. ಅವರಿಗೆ ಡಾಸ್ ಎಂಬ ಹೆಸರು ಅಪರಿಚಿತವಲ್ಲ. ಅವರ ಮಕ್ಕಳಿಗೆ ಮಾತ್ರ ಅದು ಕೇಳರಿಯದ ಸಂಗತಿ. ಕಪ್ಪು ಪರದೆ, ಅದರ ಮೇಲೆ ಮಿನುಗುವ ಒಂದು ಪುಟ್ಟ ಗೆರೆ. ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಕೀಲಿಮಣೆಯಲ್ಲಿ ಒತ್ತಬೇಕು. ಒಂದಕ್ಷರ ತಪ್ಪಿದರೂ ಯಂತ್ರ ಒಪ್ಪುತ್ತಿರಲಿಲ್ಲ. ವ್ಯಾಕರಣದ ಮೇಷ್ಟರಿಗಿಂತ ಕಠಿಣವಾದ ಪರೀಕ್ಷಕ ಅದು!

ಇದರ ಹುಟ್ಟು ಅವಸರದ ಹುಟ್ಟು. ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆ ಇಂಟೆಲ್ 8086 ಸಂಸ್ಕಾರಕದ ಯಂತ್ರವೊಂದನ್ನು ತಯಾರಿಸಿತ್ತು. ಆ ಕಾಲದ ಜನಪ್ರಿಯ ಕಾರ್ಯಾಚರಣ ವ್ಯವಸ್ಥೆ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ. 8086ಕ್ಕೆ ಹೊಂದುವ ಅದರ ಆವೃತ್ತಿ ತಡವಾಗುತ್ತಿದ್ದುದರಿಂದ, 1980ರಲ್ಲಿ ಟಿಮ್ ಪ್ಯಾಟರ್ಸನ್ ಎಂಬ ತರುಣ ತಾನೇ ಒಂದು ವ್ಯವಸ್ಥೆಯನ್ನು ಬರೆದ. ‘ಅವಸರದ, ಒರಟು ಕೆಲಸ’ ಎಂಬರ್ಥ ಬರುವ ಹೆಸರನ್ನು ಅದಕ್ಕೆ ಅವನೇ ಇಟ್ಟಿದ್ದ. 1981ರ ಜುಲೈ ತಿಂಗಳಲ್ಲಿ ಮೈಕ್ರೋಸಾಫ್ಟ್ ಅದರ ಸಂಪೂರ್ಣ ಹಕ್ಕನ್ನು ಕೊಂಡಿತು. ಅದೇ ವರ್ಷದ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿತು. ಡಾಸನ್ನು ಬೇರೆ ತಯಾರಕರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಉಳಿಸಿಕೊಂಡಿತ್ತು. ಮುಂದಿನ ಚರಿತ್ರೆಯೆಲ್ಲ ಆ ಒಂದು ಷರತ್ತಿನಿಂದ ಹರಿದು ಬಂದದ್ದೆಂದರೆ ತಪ್ಪಾಗಲಾರದು.

ಡಾಸ್‌ನ ಸ್ವಭಾವವನ್ನು ತಿಳಿಯದೆ ಅದರ ಇಂದಿನ ಕಷ್ಟ ತಿಳಿಯದು. ಇಂದಿನ ವ್ಯವಸ್ಥೆಗಳು ತಂತ್ರಾಂಶವನ್ನು ಯಂತ್ರದಿಂದ ದೂರವಿಡುತ್ತವೆ. ಡಾಸ್ ಹಾಗೆ ಅಡ್ಡ ನಿಲ್ಲಲಿಲ್ಲ. ಒಮ್ಮೆಗೆ ಒಂದೇ ತಂತ್ರಾಂಶ ಓಡುತ್ತಿತ್ತು, ಓಡುವಷ್ಟು ಹೊತ್ತು ಇಡೀ ಯಂತ್ರ ಅದರ ಕೈಯಲ್ಲಿರುತ್ತಿತ್ತು. ವೇಗಕ್ಕಾಗಿ ತಂತ್ರಾಂಶಗಳು ಡಾಸನ್ನು ಕೇಳದೆಯೇ ಪರದೆಯ ಮೆಮೊರಿಗೆ ನೇರವಾಗಿ ಬರೆಯುತ್ತಿದ್ದವು. ಮೊದಲ ಪಿ.ಸಿ.ಯ ಸಂಸ್ಕಾರಕಕ್ಕೆ ಒಟ್ಟು ಒಂದು ಮೆಗಾಬೈಟ್ ಮಾತ್ರ ಕಾಣುತ್ತಿತ್ತು. ಅದರಲ್ಲಿ 640 ಕಿಲೋಬೈಟ್ ತಂತ್ರಾಂಶಗಳಿಗೆ, ಉಳಿದದ್ದು ಪರದೆ ಮುಂತಾದವಕ್ಕೆ. ಯಂತ್ರಗಳು ಬೆಳೆದರೂ ಈ ಗೆರೆ ಅಳಿಯಲಿಲ್ಲ.

ಹೀಗೆ ಯಂತ್ರಕ್ಕೆ ಅಂಟಿಕೊಂಡು ಹುಟ್ಟಿದ ತಂತ್ರಾಂಶ, ಯಂತ್ರ ಬದಲಾದಾಗ ತತ್ತರಿಸುತ್ತದೆ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಅನೇಕ ತಂತ್ರಾಂಶಗಳು ಆರಂಭದಲ್ಲಿ ಯಂತ್ರದ ವೇಗವನ್ನು ಅಳೆಯುತ್ತಿದ್ದವು. ಸುಮಾರು 55 ಮಿಲಿಸೆಕೆಂಡುಗಳಲ್ಲಿ ಎಷ್ಟು ಸುತ್ತು ಎಣಿಸಲಾಯಿತೆಂದು ನೋಡಿ, ಅದನ್ನು 55ರಿಂದ ಭಾಗಿಸುತ್ತಿದ್ದವು. 1990ರ ದಶಕದ ಉತ್ತರಾರ್ಧದಲ್ಲಿ ಸಂಸ್ಕಾರಕಗಳ ವೇಗ 200 ಮೆಗಾಹರ್ಟ್ಸ್ ಮುಟ್ಟುತ್ತಿದ್ದಂತೆ ಆ ಭಾಗಲಬ್ಧ, ಅದಕ್ಕೆಂದು ಇಟ್ಟಿದ್ದ 65,535ರ ಮಿತಿಯನ್ನು ದಾಟಿತು. ಯಂತ್ರ ‘ದೋಷ 200: ಸೊನ್ನೆಯಿಂದ ಭಾಗಾಕಾರ’ ಎಂದು ದೂರಿ ನಿಂತುಬಿಡುತ್ತಿತ್ತು. ನಿಜದಲ್ಲಿ ಯಾರೂ ಸೊನ್ನೆಯಿಂದ ಭಾಗಿಸಿರಲಿಲ್ಲ. ಯಂತ್ರ ಅತಿ ವೇಗವಾದದ್ದೇ ಅಪರಾಧ. ಗಣಿತ ಬೋಧಿಸಿದವನಿಗೆ ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಬೇಕೆ?

1994ರಲ್ಲಿ ಮೈಕ್ರೋಸಾಫ್ಟ್‌ನ ಗಮನ ವಿಂಡೋಸ್ ಕಡೆಗೆ ಹೊರಳಿದ್ದು ಸ್ಪಷ್ಟವಾಗಿತ್ತು. ಆಗ ವಿಸ್ಕಾನ್ಸಿನ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಜಿಮ್ ಹಾಲ್ ಎಂಬ ವಿದ್ಯಾರ್ಥಿ, ಎಲ್ಲರೂ ಉಚಿತವಾಗಿ ಬಳಸಬಹುದಾದ ಡಾಸ್ ಒಂದನ್ನು ನಾವೇ ಬರೆಯೋಣವೆಂದು ಜೂನ್ 29ರಂದು ಸಾರಿದ. ಅದೇ ಇಂದಿನ ಫ್ರೀಡಾಸ್. ಸ್ವಯಂಸೇವಕರ ದುಡಿಮೆಯಿಂದ ಅದರ 1.0 ಆವೃತ್ತಿ ಹೊರಬಂದದ್ದು 2006ರಲ್ಲಿ, ಹನ್ನೆರಡು ವರ್ಷಗಳ ನಂತರ! ನಮ್ಮ ಅಂಗಡಿಗಳಲ್ಲಿ ವಿಂಡೋಸ್ ಇಲ್ಲದ, ಬೆಲೆ ಕಡಿಮೆಯಾದ ಕೆಲವು ಲ್ಯಾಪ್‌ಟಾಪ್‌ಗಳ ಮೇಲೆ ಈ ಹೆಸರನ್ನು ಕಂಡವರಿದ್ದೀರಿ; ಕೊಂಡವರು ಬಹುಪಾಲು ಮನೆಗೆ ಬಂದೊಡನೆ ಅದನ್ನು ಅಳಿಸಿಹಾಕಿದರೆಂಬುದು ಬೇರೆ ಮಾತು. ಮೈಕ್ರೋಸಾಫ್ಟ್ ಕೂಡ ತನ್ನ ಹಳೆಯ ಡಾಸ್ ಆವೃತ್ತಿಗಳ ಮೂಲ ಬರಹವನ್ನು 2018ರಲ್ಲಿಯೂ 2024ರಲ್ಲಿಯೂ ಮುಕ್ತ ಪರವಾನಗಿಯಡಿ ಪ್ರಕಟಿಸಿತು.

ಹಳೆಯ ಯಂತ್ರದಲ್ಲೇ ಡಾಸ್ ನಡೆಸುವವರಿಗೆ ಬ್ಯಾಟರಿ ಸೋರಿಕೆ, ಫ್ಲಾಪಿಗಳ ಶಿಥಿಲತೆ, ಸತ್ತ ಹಾರ್ಡ್ ಡಿಸ್ಕ್ ಇವೇ ಶತ್ರುಗಳು. ಹಾರ್ಡ್ ಡಿಸ್ಕಿನ ಬದಲಿಗೆ ಕ್ಯಾಮೆರಾಗಳಿಗೆಂದು ಬಂದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಅಗ್ಗದ ಅಡಾಪ್ಟರ್ ಮೂಲಕ ಜೋಡಿಸುತ್ತಾರೆ. ಎರಡರ ಭಾಷೆಯೂ ಒಂದೇ ಆದ್ದರಿಂದ ಅದು ನಡೆಯುತ್ತದೆ. ಹೊಸ ಯಂತ್ರಗಳ ತೊಂದರೆ ಬೇರೆ ಬಗೆಯದು. ಡಾಸ್ ಎಚ್ಚರಗೊಳ್ಳಲು ಬಯೋಸ್ ಬೇಕು. ಅದರ ಸ್ಥಾನದಲ್ಲಿ ಈಗ ಯುಇಎಫ್ಐ ಇದೆ, ಹಳೆಯದನ್ನು ಅನುಕರಿಸುವ ಸೌಲಭ್ಯವನ್ನು ಹೊಸ ಯಂತ್ರಗಳು ಕೈಬಿಟ್ಟಿವೆ. 64 ಬಿಟ್ ವಿಂಡೋಸ್ ಡಾಸ್ ತಂತ್ರಾಂಶಗಳನ್ನು ನೇರವಾಗಿ ನಡೆಸುವುದಿಲ್ಲ. ಅದಕ್ಕಾಗಿಯೇ 2002ರಿಂದ ಡಾಸ್‌ಬಾಕ್ಸ್ ಎಂಬ ತಂತ್ರಾಂಶವಿದೆ. ಅದು ಹಳೆಯ ಯಂತ್ರವನ್ನೇ ಹೊಸ ಯಂತ್ರದೊಳಗೆ ನಟಿಸಿ ತೋರಿಸುತ್ತದೆ. ಬೇಕೆಂದರೆ ವೇಗವನ್ನೂ ತಗ್ಗಿಸುತ್ತದೆ.

ಇಷ್ಟು ಶ್ರಮ ಏಕೆ ಎಂದು ಕೇಳಬಹುದು. ಆಟಗಳಿಗಾಗಿ ಎನ್ನುವವರೇ ಹೆಚ್ಚು. ಆದರೆ ನಮ್ಮವರ ಬರಹವೂ ಅದರಲ್ಲಿ ಸಿಕ್ಕಿಕೊಂಡಿದೆ. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬ ಫಲಕವನ್ನು ಯಂತ್ರದೊಳಗೆ ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ನಮ್ಮ ದೊಡ್ಡಪ್ಪನವರು 1990ರ ದಶಕದಲ್ಲಿ ಕುಟುಂಬದ ವಂಶಾವಳಿಯನ್ನು ಪೇಟೆಯ ಬೆರಳಚ್ಚು ಅಂಗಡಿಯೊಂದರಲ್ಲಿ ಹೀಗೆಯೇ ಬರೆಸಿದ್ದರು. ಆ ಕಾರ್ಡ್ ಇಲ್ಲದೆ ಕಡತವನ್ನು ಡಾಸ್‌ನಲ್ಲಿ ತೆರೆದರೆ ಚೌಕಟ್ಟಿನ ಗೆರೆಗಳೂ ಗ್ರೀಕ್ ಅಕ್ಷರಗಳೂ ಕಾಣುತ್ತವೆ. ಅದೃಷ್ಟವಶಾತ್ ಒಳಗಿನ ಸಂಕೇತಗಳು ‘ಇಸ್ಕಿ’ ಎಂಬ ಪ್ರಕಟಿತ ಭಾರತೀಯ ಮಾನಕಕ್ಕೆ ಸೇರಿದವು. ಯುನಿಕೋಡ್‌ನ ಕನ್ನಡ ವಿಭಾಗದ ತಳಹದಿಯೂ ಇಸ್ಕಿಯೇ. ಹೀಗಾಗಿ ಶಿಷ್ಯನೊಬ್ಬ ಅವುಗಳನ್ನು ಇಂದಿನ ಕನ್ನಡಕ್ಕೆ ಪರಿವರ್ತಿಸಿಕೊಟ್ಟ.

ಏಳು ಫ್ಲಾಪಿಗಳಲ್ಲಿ ಐದನ್ನು ಓದಲು ಸಾಧ್ಯವಾಯಿತು. ನಾಲ್ಕನೆಯದೂ ಏಳನೆಯದೂ ಬೂಷ್ಟು ಹಿಡಿದಿವೆ. ಅಜ್ಜಿಯ ತವರಿನ ಶಾಖೆ ಇರುವುದು ಏಳನೆಯದರಲ್ಲಿ. ದೊಡ್ಡಪ್ಪನವರು ಆಗ ಕೆಲವು ಮುದ್ರಿತ ಪ್ರತಿಗಳನ್ನು ಬಂಧುಗಳಿಗೆ ಹಂಚಿದ್ದರೆಂದು ಕೇಳಿದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಅದು ಇದ್ದರೆ ದಯವಿಟ್ಟು ನನಗೆ ತಿಳಿಸಿ.