ನೋಟಿನ ನಂಬರು: ಇಟ್ಕೋಬೇಕಾ, ಮಾರ್ಬೇಕಾ?

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಒಂದು ಹೋಬಳಿ ಕೇಂದ್ರ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಾವಿಗೆ ಶ್ರೀನಿವಾಸಪುರದ ಮಂಡಿ, ಟೊಮೇಟೊಗೆ ಕೋಲಾರ, ಇಲ್ಲಾಂದ್ರೆ ಗಡಿಯಾಚೆಯ ಮದನಪಲ್ಲಿ. ಇಂಥ ಊರುಗಳಲ್ಲಿ ಬೆಳೆ ಮಾರಿದ ದುಡ್ಡು ಇವತ್ತಿಗೂ ನೋಟಿನ ಕಟ್ಟಾಗಿ ಕೈಗೆ ಬರುವುದುಂಟು. ಎಣಿಸುವಾಗ ಒಂದು ನೋಟಿನ ಕೊನೆಯಲ್ಲಿ 786 ಕಂಡರೆ ಬೆರಳು ಅಲ್ಲೇ ನಿಲ್ಲುತ್ತೆ. ಅಷ್ಟೊತ್ತಿಗೆ ಮೊಬೈಲಿನಲ್ಲಿ ಒಂದು ವಿಡಿಯೊ: "ಈ ನಂಬರಿನ ನೋಟು ನಿಮ್ಮ ಹತ್ರ ಇದೆಯಾ? ಲಕ್ಷಗಟ್ಟಲೆ ಸಿಗುತ್ತೆ!" ಇಟ್ಕೋಬೇಕಾ, ಮಾರ್ಬೇಕಾ? ಉತ್ತರ ಬೇಕಾದ್ರೆ ನೋಟಿನ ಮೇಲೆ ನಂಬರು ಯಾಕೆ ಬಂತು ಅನ್ನೋದನ್ನ ಮೊದಲು ನೋಡೋಣ.

ನಮ್ಮ ದೇಶದಲ್ಲಿ ಸರ್ಕಾರವೇ ನೋಟು ಹೊರಡಿಸಲು ಶುರು ಮಾಡಿದ್ದು 1861ರ ಕಾಗದದ ಹಣದ ಕಾಯ್ದೆ ಬಂದ ಮೇಲೆ. ವಿಕ್ಟೋರಿಯಾ ರಾಣಿಯ ಚಿತ್ರವಿದ್ದ, ಒಂದೇ ಮಗ್ಗುಲಿಗೆ ಅಚ್ಚು ಹಾಕಿದ ನೋಟುಗಳವು. 10 ರೂಪಾಯಿಂದ 1000 ರೂಪಾಯಿವರೆಗೆ ಇದ್ದವು. ಆಗಿನ 10 ರೂಪಾಯಿ ಅಂದ್ರೆ ಬಡವನ ಕೈಗೆ ಸಿಗುವ ದುಡ್ಡಲ್ಲ. ದೊಡ್ಡ ಮೊತ್ತವನ್ನು ಅಂಚೆಯಲ್ಲಿ ಕಳಿಸಬೇಕು, ದಾರಿಯಲ್ಲಿ ಕದ್ದರೆ ಏನು ಗತಿ? ವ್ಯಾಪಾರಿಗಳು ಒಂದು ಉಪಾಯ ಕಂಡುಕೊಂಡರು. ನೋಟನ್ನು ಮಧ್ಯಕ್ಕೆ ಕತ್ತರಿಸಿ ಅರ್ಧ ಇವತ್ತು ಕಳಿಸೋದು, ಅದು ತಲುಪಿತು ಅಂತ ಕಾಗದ ಬಂದ ಮೇಲೆ ಇನ್ನರ್ಧ ಕಳಿಸೋದು. ಎರಡೂ ತುಂಡುಗಳ ಮೇಲೆ ಒಂದೇ ನಂಬರು. ಹೊಂದಿಸಿ ನೋಡಿದರೆ ಅದೇ ನೋಟು ಅಂತ ಖಾತ್ರಿ. ಕಳ್ಳನಿಗೆ ಅರ್ಧ ಸಿಕ್ಕಿದರೂ ಪ್ರಯೋಜನವಿಲ್ಲ.

ಅಂದ್ರೆ ನಂಬರು ಹುಟ್ಟಿದ್ದು ಅದೃಷ್ಟಕ್ಕಲ್ಲ, ಕಾವಲಿಗೆ. ಇವತ್ತಿಗೂ ನಿಮ್ಮ ನೋಟಿನಲ್ಲಿ ನಂಬರು ಎರಡು ಕಡೆ ಇರುತ್ತೆ. ಎರಡು ತುಂಡಾದ ನೋಟನ್ನು ಬ್ಯಾಂಕಿಗೆ ಒಯ್ದರೆ ಮೊದಲು ನೋಡೋದು, ಎರಡೂ ತುಂಡು ಒಂದೇ ನೋಟಿನದಾ ಅಂತ. 2015ರಿಂದ ಈ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗುವಂತೆ ಅಚ್ಚು ಹಾಕಿದ್ದೂ ಖೋಟಾ ನೋಟು ಹಿಡಿಯೋಕೆ.

ಆ ನೋಟು ಎಲ್ಲಿ ಅಚ್ಚಾಗುತ್ತೆ? 1928ರಿಂದ ನಾಸಿಕ್‌ನಲ್ಲಿ ಶುರುವಾದ ಕೆಲಸ 1996ರಲ್ಲಿ ನಮ್ಮ ಮೈಸೂರಿಗೂ ಬಂತು. ಅಚ್ಚಿನಲ್ಲಿ ಕೆಲವು ನೋಟು ಕೆಡುತ್ತವೆ. ಕಟ್ಟಿನಲ್ಲಿ 100 ನೋಟು ಸಾಲಾಗಿ ಇರಬೇಕು ಅನ್ನೋ ನಿಯಮ ಇದ್ದಾಗ ಒಂದು ಕೆಟ್ಟರೂ ತಲೆನೋವು. ಅದಕ್ಕೇ 2006ರಲ್ಲಿ ರಿಸರ್ವ್ ಬ್ಯಾಂಕ್ ನಕ್ಷತ್ರದ ನೋಟು ತಂದಿತು. ಕೆಟ್ಟ ನೋಟಿನ ಬದಲಿಗೆ, ನಂಬರಿನ ನಡುವೆ ನಕ್ಷತ್ರ ಇರುವ ಇನ್ನೊಂದು ನೋಟು. ಇದನ್ನೇ ಹಿಡಿದುಕೊಂಡು ಒಂದಿಷ್ಟು ಜನ ಖೋಟಾ ನೋಟು ಅಂದರು, ಇನ್ನೊಂದಿಷ್ಟು ಜನ ಅಪರೂಪದ ನಿಧಿ ಅಂದರು. ಕೊನೆಗೆ 2023ರ ಜುಲೈನಲ್ಲಿ ಇದು ಬೇರೆ ಯಾವುದೇ ನೋಟಿನಷ್ಟೇ ಅಸಲಿ ಅಂತ ರಿಸರ್ವ್ ಬ್ಯಾಂಕೇ ಹೇಳಬೇಕಾಯ್ತು.

ನಾನು ಓದಿದ್ದು ಎಂಜಿನಿಯರಿಂಗ್. ಸ್ವಲ್ಪ ಲೆಕ್ಕ ಹಾಕೋಣ. ನಂಬರಿನಲ್ಲಿ ಮೊದಲ ಅಕ್ಷರಗಳ ನಂತರ ಬರೋದು ಆರು ಅಂಕಿ. ಒಂದು ಅಕ್ಷರಗುಂಪಿಗೆ 10 ಲಕ್ಷ ನೋಟು. ಅದರಲ್ಲಿ ಕೊನೆಗೆ 786 ಇರೋದು ಸಾವಿರ. 111111ರಿಂದ 999999ರವರೆಗೆ ಆರೂ ಅಂಕಿ ಒಂದೇ ಆಗಿರೋದು ಬರೀ ಒಂಬತ್ತು. 2016ರ ಮಾರ್ಚ್ ಕೊನೆಗೆ ದೇಶದಲ್ಲಿ ಚಲಾವಣೆಯಲ್ಲಿದ್ದ 100 ರೂಪಾಯಿ ನೋಟುಗಳೇ 1,500 ಕೋಟಿಗೂ ಹೆಚ್ಚು. ಆ ಲೆಕ್ಕದಲ್ಲಿ 786ರಲ್ಲಿ ಮುಗಿಯುವ 100ರ ನೋಟು ಸುಮಾರು ಒಂದೂವರೆ ಕೋಟಿ! ಒಂದೂವರೆ ಕೋಟಿ ಇರುವ ವಸ್ತುವಿಗೆ ಲಕ್ಷ ಯಾರು ಕೊಡ್ತಾರೆ, ಹೇಳಿ?

ಸಂಗ್ರಹಕಾರರು ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ ನಾಣ್ಯ, ನೋಟುಗಳ ಪ್ರದರ್ಶನ ನಡೆಯುತ್ತೆ, ಹರಾಜೂ ನಡೆಯುತ್ತೆ. ಆದರೆ ಅಲ್ಲಿ ಕೇಳೋದು ನಂಬರು ಒಂದನ್ನೇ ಅಲ್ಲ. ಯಾವ ವರ್ಷದ್ದು, ಯಾವ ಗವರ್ನರ್ ಸಹಿ, ಮಡಿಕೆ ಬಿದ್ದಿದೆಯಾ, ಕೊಳೆಯಾಗಿದೆಯಾ ಅಂತ ಕೇಳ್ತಾರೆ. ಮಂಡಿಯಲ್ಲಿ ಹತ್ತು ಕೈ ದಾಟಿ ಬಂದ 786ರ ನೋಟಿಗೂ, ಒಂದೂ ಮಡಿಕೆ ಇಲ್ಲದ 000001ಕ್ಕೂ ಅಜಗಜಾಂತರ.

ಈಗ ಮೋಸದ ದಾರಿ ನೋಡಿ. ನೋಟಿನ ಫೋಟೊ ಕಳಿಸ್ತೀರಿ. ಅವನು ಐದು ಲಕ್ಷ ಅಂತಾನೆ. ಆಮೇಲೆ ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕ್ ಕಮಿಷನ್. ಮಾವು ಮಾರಿದ ದುಡ್ಡು ಹೋಗುತ್ತೆ, ನೋಟು ಮಾತ್ರ ನಿಮ್ಮ ಕೈಯಲ್ಲೇ ಉಳಿಯುತ್ತೆ. ಹಳೇ ನೋಟಿನ ವ್ಯವಹಾರ ನಾವು ಮಾಡೋದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ದುಡ್ಡು ಹಾಕಿದ್ದರೆ ನಾಚಿಕೆ ಪಡ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. 2016ರಲ್ಲಿ ರದ್ದಾದ 500, 1000ದ ನೋಟನ್ನು "ಮುಂದೆ ಬೆಲೆ ಬರುತ್ತೆ" ಅಂತ ಕಟ್ಟಿ ಇಟ್ಟಿದ್ದೀರಾ? 2017ರ ಕಾಯ್ದೆ ಪ್ರಕಾರ ಅಂಥ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ. ಅಧ್ಯಯನ, ಸಂಗ್ರಹಕ್ಕಾದರೆ 25ರವರೆಗೆ. ಮೀರಿದರೆ ದಂಡ ಹತ್ತು ಸಾವಿರ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು.

ಹಾಗಾದ್ರೆ ಏನು ಮಾಡೋದು? 786 ಶುಭ ಅನ್ನಿಸಿದರೆ ಒಂದು ನೋಟು ಪೆಟ್ಟಿಗೆಯಲ್ಲಿಡಿ. ಅದು ನಂಬಿಕೆ, ಅದಕ್ಕೆ ರೇಟು ಕಟ್ಟಬೇಡಿ. ಆರೂ ಅಂಕಿ ಒಂದೇ ಇರುವ ಗರಿಗರಿ ನೋಟೋ, ಅಚ್ಚು ತಪ್ಪಿದ ನೋಟೋ ಸಿಕ್ಕರೆ ತೊಳೀಬೇಡಿ, ಇಸ್ತ್ರಿ ಮಾಡಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಸ್ತಕದ ನಡುವೆ ಇಟ್ಟು ಇಬ್ಬರು ಮೂವರು ವ್ಯಾಪಾರಿಗಳಿಗೆ ಎದುರಾಎದುರೇ ತೋರಿಸಿ. ಅವರು ಹೇಳಿದ ಬೆಲೆ ಒಪ್ಪಿಗೆಯಾದರೆ ಮಾರಿ. ತಾತ ಕೊಟ್ಟ ನೋಟಾದರೆ ಮಾರೋ ಮುಂಚೆ ಮನೆಯವರನ್ನೂ ಕೇಳಿ. ಆದರೆ ಮಾರೋಕೆ ಮೊದಲು ನೀವೇ ದುಡ್ಡು ಕಟ್ಟಬೇಕು ಅಂತ ಯಾರಾದರೂ ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.