ಮನೆ ಮನೆಯ ಡೆಮೊ: ಮೊದಲ ಬುಕಿಂಗ್ ಎಲ್ಲಿಂದ?

ಅಂಗಡಿಯ ಹಂಗಿಲ್ಲದೆ, ಪರಿಚಿತರೊಬ್ಬರ ಮನೆಯಲ್ಲಿ ನಾಲ್ಕಾರು ಮಹಿಳೆಯರನ್ನು ಕೂಡಿಸಿ, ವಸ್ತುವನ್ನು ಬಳಸಿ ತೋರಿಸಿ ಮಾರುವ ಪದ್ಧತಿಗೆ ಹೋಮ್ ಪಾರ್ಟಿ ಮಾರಾಟ ಎಂದು ಹೆಸರು. ಆಡುಮಾತಿನಲ್ಲಿ ಇದು 'ಡೆಮೊ'. ಪ್ಲಾಸ್ಟಿಕ್ ಡಬ್ಬಿ, ಸೌಂದರ್ಯ ಸಾಧನ, ಅಡುಗೆ ಪಾತ್ರೆ, ಸೀರೆ ಮುಂತಾದವು ಈ ಮಾರ್ಗದಲ್ಲಿ ಮಾರಾಟವಾಗುತ್ತವೆ. ಮಾರಾಟಗಾರ್ತಿಗೆ ಕನ್ಸಲ್ಟಂಟ್ ಎಂಬ ಹೆಸರಿದೆ. ಮನೆಯೊಡತಿಯೊಬ್ಬಳು ಡೆಮೊಗೆ ದಿನ ಗೊತ್ತುಮಾಡಿ ಕೊಡುವುದೇ ಬುಕಿಂಗ್. ಈ ವ್ಯಾಪಾರದಲ್ಲಿ ಸೋಲುವವರ ಪೈಕಿ ಅನೇಕರು ಸೋಲುವುದು ಮಾಲಿನ ದೋಷದಿಂದಲ್ಲ. ಮೊದಲ ಐದಾರು ಬುಕಿಂಗ್ ಮುಗಿದ ಮೇಲೆ ಏಳನೆಯ ಮನೆ ಸಿಗದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಗಳಂಥ ಊರುಗಳಲ್ಲಿ ಹೊಸಬರು ಈ ಮೊದಲ ಹೆಜ್ಜೆಗಳನ್ನು ಹೇಗೆ ಇಡಬೇಕೆಂಬುದರ ವಿವರ ಇಲ್ಲಿದೆ.

ಪದ್ಧತಿ ಬೆಳೆದ ಬಗೆ

ಅಮೆರಿಕದ ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಸಂಸ್ಥೆಯ ಮಾರಾಟಗಾರರು 1930ರ ದಶಕದಲ್ಲಿಯೇ ಮನೆಕೂಟಗಳ ಮೂಲಕ ವ್ಯಾಪಾರ ನಡೆಸುತ್ತಿದ್ದರು. ಅರ್ಲ್ ಟಪ್ಪರ್ ತಯಾರಿಸಿದ ಗಾಳಿಯಾಡದ ಮುಚ್ಚಳದ ಡಬ್ಬಿಗಳು ಅಂಗಡಿಯ ಕಪಾಟಿನಲ್ಲಿ ಹೆಚ್ಚು ಮಾರಾಟವಾಗಲಿಲ್ಲ. ಮುಚ್ಚಳ ಹಾಕುವ ಬಗೆಯನ್ನು ಯಾರಾದರೂ ಕೈಯಾರೆ ತೋರಿಸಬೇಕಾಗಿತ್ತು. ಇದನ್ನು ಮನಗಂಡ ಟಪ್ಪರ್‌ವೇರ್ 1951ರಲ್ಲಿ ಅಂಗಡಿಗಳಿಂದ ಮಾಲನ್ನು ಹಿಂದಕ್ಕೆ ಪಡೆದು, ಮನೆಕೂಟಗಳ ಹೊಣೆಯನ್ನು ಬ್ರೌನಿ ವೈಸ್ ಎಂಬ ಮಹಿಳೆಗೆ ಒಪ್ಪಿಸಿತು. ಈ ಮಾರಾಟಜಾಲವನ್ನು ಬೆಳೆಸಿದ ಆಕೆಯನ್ನೇ 1958ರಲ್ಲಿ ಸಂಸ್ಥೆ ಹೊರಹಾಕಿತು.

ಉದಾರೀಕರಣದ ನಂತರ ಈ ಪದ್ಧತಿ ಭಾರತದಲ್ಲಿಯೂ ಬೇರೂರಿತು. ಓರಿಫ್ಲೇಮ್ 1995ರಲ್ಲಿ, ಟಪ್ಪರ್‌ವೇರ್ ಮತ್ತು ಮೋದಿಕೇರ್ 1996ರಲ್ಲಿ ಇಲ್ಲಿ ಕಾಲಿಟ್ಟವು; ಆಮ್‌ವೇ 1998ರಲ್ಲಿ ವಹಿವಾಟು ಆರಂಭಿಸಿತು. ಕಾಲ ಒಂದೇ ಬಗೆಯಾಗಿ ಉಳಿಯಲಿಲ್ಲ. ಮೂಲ ಟಪ್ಪರ್‌ವೇರ್ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಕಂಪನಿಯ ಹೆಸರು ದೊಡ್ಡದಾದ ಮಾತ್ರಕ್ಕೆ ಕನ್ಸಲ್ಟಂಟ್‌ಳ ಬದುಕು ಭದ್ರವಾಗದು ಎಂಬುದಕ್ಕೆ ಇದೇ ಸಾಕ್ಷಿ.

ಬಳೆಗಾರನ ದಾರಿ

ಪಾರ್ಟಿ ಎಂಬ ಪದ ಹೊಸದಾದರೂ ಮನೆಯೊಳಗಿನ ವ್ಯಾಪಾರ ಈ ಭಾಗಕ್ಕೆ ಹೊಸದಲ್ಲ. ಮದುವೆ, ಕುಬಸಗಳ ಮುನ್ನ ಬಳೆಗಾರನನ್ನು ಮನೆಗೇ ಕರೆಸುವುದು, ಓಣಿಯ ಮುತ್ತೈದೆಯರೆಲ್ಲ ಕೂಡಿ ಬಳೆ ಇಡಿಸಿಕೊಳ್ಳುವುದು ಹಳೆಯ ರೂಢಿ. ಕೈಮಗ್ಗಕ್ಕೆ ಹೆಸರಾದ ಬೆಟಗೇರಿಯಲ್ಲಿ ಸೀರೆಗೂ ಮನೆಗೂ ನಂಟು ಹಳೆಯದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಸಹಕಾರ ಪತ್ತಿನ ಸಂಘ ಹುಟ್ಟಿದ್ದೂ ಪರಸ್ಪರ ನಂಬುಗೆಯ ಬಲದಿಂದಲೇ.

ಬಳೆಗಾರನಿಗೆ ಒಳಮನೆಯ ಪ್ರವೇಶ ದೊರೆಯುತ್ತಿದ್ದುದು ಕರೆಸಿದ ಮನೆಯ ಮರ್ಯಾದೆಯಿಂದ. ಡೆಮೊಗೂ ಇದೇ ಮಾತು ಸಲ್ಲುತ್ತದೆ. ನೆರೆಯವರು ಬರುವುದು ಮಾರಾಟಗಾರ್ತಿಯನ್ನು ನೋಡಿ ಅಲ್ಲ, ಕರೆದವಳ ಮಾತಿಗೆ ಬೆಲೆಕೊಟ್ಟು. ಆದ್ದರಿಂದ ಬುಕಿಂಗ್ ಎಂದರೆ ಇನ್ನೊಬ್ಬರ ಮನೆಯ ಮರ್ಯಾದೆಯನ್ನು ಒಂದು ತಾಸಿನ ಮಟ್ಟಿಗೆ ಎರವಲು ಪಡೆದಂತೆ. ಅದನ್ನು ಕೆಡಿಸದೆ ಹಿಂದಿರುಗಿಸಿದವಳಿಗೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ.

ಮೊದಲ ಐದು ಮನೆಗಳ ಆಯ್ಕೆ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ತಮ್ಮ ಓಣಿಯಲ್ಲಿಯೇ ಐದು ಮನೆಗಳನ್ನು ಹಿಡಿಯುವುದು. ಐದೂ ಮನೆಗಳಿಗೆ ಬರುವವರು ಅದೇ ಎಂಟು-ಹತ್ತು ಮಂದಿ. ಮೊದಲ ದಿನ ಕೊಂಡವರು ಎರಡನೆಯ ದಿನ ಸಂಕೋಚದಿಂದ ಕೊಳ್ಳುತ್ತಾರೆ. ಮೂರನೆಯ ದಿನ ಬರುವುದನ್ನೇ ಬಿಡುತ್ತಾರೆ.

ಐದು ಮನೆಗಳನ್ನು ಐದು ಬೇರೆ ಬೇರೆ ಬಳಗಗಳಿಂದ ಆರಿಸುವುದು ಲೇಸು. ಗಂಡನ ಮನೆಯ ಓಣಿ ಒಂದು, ತವರೂರು ಇನ್ನೊಂದು. ಮಕ್ಕಳ ಶಾಲೆಯ ತಾಯಂದಿರು, ಭಜನಾ ಮಂಡಳಿ, ಹಳೆಯ ಸಹಪಾಠಿ ಅಥವಾ ಸಹೋದ್ಯೋಗಿಗಳು ಉಳಿದ ಮೂರು. ಮದುವೆಯ ನಂಟುಗಳೇ ಇಲ್ಲಿ ವ್ಯಾಪಾರದ ನಕಾಶೆ. ಬೆಟಗೇರಿಯ ಸೊಸೆಗೆ ಲಕ್ಷ್ಮೇಶ್ವರ ತವರಾಗಿದ್ದು, ಅಕ್ಕನನ್ನು ಮುಂಡರಗಿಗೆ, ನಾದಿನಿಯನ್ನು ಶಿರಹಟ್ಟಿಗೆ ಕೊಟ್ಟಿದ್ದರೆ ನಾಲ್ಕು ಊರುಗಳಲ್ಲಿ ಒಬ್ಬರನ್ನೊಬ್ಬರು ಅರಿಯದ ನಾಲ್ಕು ಬಳಗಗಳು ಆಕೆಗೆ ಲಭ್ಯವಾದಂತೆ.

ಪ್ರಯಾಣದ ಖರ್ಚೂ ಈಗ ಮೊದಲಿನಂತೆ ಭಾರವಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆದರೂ ಹೊತ್ತೊಯ್ಯುವ ಮಾದರಿಗಳು ಒಂದು ಕೈಚೀಲಕ್ಕೆ ಮೀರದಂತಿರಲಿ. ಲಗೇಜು ಹೆಚ್ಚಾದರೆ ದರ ಬೇರೆಯೇ ಬೀಳುತ್ತದೆ.

ಭಿಶಿ ಗುಂಪು ಹಾಗೂ ಸ್ವಸಹಾಯ ಸಂಘಗಳು ಸಿದ್ಧ ಕೂಟಗಳೆಂಬುದು ನಿಜ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ನಂತರ ಹಳ್ಳಿಹಳ್ಳಿಗಳಲ್ಲಿ ಇಂಥ ಸಂಘಗಳು ಬೆಳೆದಿವೆ. ಆದರೆ ಉಳಿತಾಯದ ಹಣ ಮೇಜಿನ ಮೇಲಿರುವಾಗ ಮಾಲು ತೆರೆಯುವುದು ಸರಿಯಲ್ಲ. ಸಭೆಯಲ್ಲಿ ಪರಿಚಯವಷ್ಟೇ ಸಾಕು; ಡೆಮೊ ಬೇರೊಂದು ದಿನ, ಸದಸ್ಯೆಯೊಬ್ಬರ ಮನೆಯಲ್ಲಿ ನಡೆಯಲಿ.

ಕೇಳುವ ರೀತಿ

"ಯಾವಾಗರೆ ಒಮ್ಮೆ ಡೆಮೊ ಇಡೂಣೇನ್ರಿ?" ಎಂದರೆ "ನೋಡೂಣಂತ" ಎಂಬ ಉತ್ತರ ಖಚಿತ. ಅದು ಒಪ್ಪಿಗೆಯಲ್ಲ, ಮುಖ ಮುರಿಯದ ನಿರಾಕರಣೆ. "ವೈನಿ, ಬರೂ ಗುರುವಾರ ಮಧ್ಯಾಹ್ನ ಮೂರಕ್ಕ ನಿಮ್ಮ ಮನ್ಯಾಗ ಆರೇಳು ಮಂದಿ ಕುಂತರ ನಡೀತದೇನ್ರಿ? ಒಂದ ತಾಸು. ತಗೋಳಾಕಬೇಕಂತ ಏನಿಲ್ಲ" ಎಂದು ಕೇಳುವುದು ಬೇರೆ. ಇಲ್ಲಿ ದಿನ, ಹೊತ್ತು, ಮಂದಿ, ಅವಧಿ ನಾಲ್ಕೂ ಸ್ಪಷ್ಟ. ಬೇಡವೆನ್ನಲು ದಾರಿಯನ್ನೂ ಬಿಟ್ಟಂತಾಗುತ್ತದೆ. ಆ ದಾರಿ ಇಲ್ಲದಿದ್ದರೆ ಬುಕಿಂಗ್ ದೊರೆತರೂ ಕೊನೆಯ ಗಳಿಗೆಯಲ್ಲಿ ರದ್ದಾಗುತ್ತದೆ.

ಮನೆಯಲ್ಲಿ ಅತ್ತೆಯಿದ್ದರೆ ಅವರ ಒಪ್ಪಿಗೆಯನ್ನೂ ಮೊದಲೇ ಕೇಳುವುದು ಉಚಿತ. ಸೊಸೆ ಹೂಂ ಎಂದು, ಅತ್ತೆ ಮುಖ ಗಂಟಿಕ್ಕಿದ ಮನೆಯಲ್ಲಿ ಕೂಟ ಕಳೆಗಟ್ಟದು. ಚಹಾ, ಚುರಮರಿಯ ಖರ್ಚನ್ನು ಯಾರು ಭರಿಸಬೇಕು, ಮನೆಯೊಡತಿಗೆ ಯಾವ ಉಡುಗೊರೆ ಸಲ್ಲುತ್ತದೆ ಎಂಬುದೂ ಮುಂಚೆಯೇ ಇತ್ಯರ್ಥವಾಗಬೇಕು. ಹಿಂದಿನ ದಿನ ಸಂಜೆ ಫೋನಿನಲ್ಲಿ ನೆನಪಿಸುವುದು ಅವಶ್ಯ.

ಎರಡನೆಯ ಸುತ್ತಿನ ಬುಕಿಂಗ್ ಹುಟ್ಟುವುದು ಮೊದಲ ಕೂಟದಲ್ಲಿಯೇ. ವಸ್ತುವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದವಳು, ತನ್ನ ತಂಗಿಗೂ ಇದು ಬೇಕೆಂದವಳು, ಹೆಚ್ಚು ಪ್ರಶ್ನೆ ಕೇಳಿದವಳು, ಇಂಥವರೇ ಮುಂದಿನ ಆತಿಥೇಯರು. ಎಲ್ಲರೆದುರು ಕೇಳದೆ, ಹೊರಡುವಾಗ ಒಬ್ಬೊಬ್ಬರನ್ನೇ ಮಾತಾಡಿಸಬೇಕು.

ಹೊತ್ತು ಮತ್ತು ಸುಗ್ಗಿ

ಮಧ್ಯಾಹ್ನದ ಊಟ ಮುಗಿದು ಮಕ್ಕಳು ಶಾಲೆಯಿಂದ ಮರಳುವವರೆಗಿನ ಅವಧಿ ಡೆಮೊಗೆ ಪ್ರಶಸ್ತ. ಸಂತೆಯ ದಿನ, ಅಮವಾಸ್ಯೆ, ನಳದ ನೀರು ಬಿಡುವ ದಿನಗಳನ್ನು ಬಿಡಬೇಕು. ನೀರು ಬಂದ ದಿನ ಎಂಥ ಆಪ್ತೆಯೂ ಕೊಡ ಬಿಟ್ಟು ಬರಲಾರಳು.

ಊರಿನ ಕೈಯಲ್ಲಿ ಹಣವಿರುವ ಕಾಲವೂ ಮುಖ್ಯ. ಅವಳಿ ನಗರದ ನೌಕರ ಕುಟುಂಬಗಳಲ್ಲಿ ತಿಂಗಳ ಮೊದಲ ವಾರ ಅನುಕೂಲಕರ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಮಳೆಯಾಶ್ರಿತ ಹಳ್ಳಿಗಳ ಲೆಕ್ಕ ಬೇರೆ. ಮುಂಗಾರಿನ ಹೆಸರು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮನೆಗೆ ಬರುತ್ತದೆ, ನಂತರ ಉಳ್ಳಾಗಡ್ಡಿ, ಹಿಂಗಾರಿನ ಕಡಲೆ, ಜೋಳ ಫೆಬ್ರವರಿಯ ಸುಮಾರಿಗೆ. ಬಿತ್ತನೆಯ ಜೂನ್-ಜುಲೈನಲ್ಲಿ ಹಣವೆಲ್ಲ ಬೀಜ, ಗೊಬ್ಬರದ ಪಾಲು. ಆ ತಿಂಗಳುಗಳಲ್ಲಿ ಆರಂಭಿಸಿದವರು ಬುಕಿಂಗ್ ಸಿಗಲಿಲ್ಲವೆಂದು ಎದೆಗುಂದುವುದು ಬೇಡ. ಶ್ರಾವಣ, ನವರಾತ್ರಿ, ಸಂಕ್ರಾಂತಿಯ ಅರಿಶಿನ-ಕುಂಕುಮದ ಸಮಯದಲ್ಲಿ ಮುತ್ತೈದೆಯರಿಗೆ ಕೊಡುವ ಸಣ್ಣ ಸಾಮಾನಿಗೆ ಒಟ್ಟಿಗೆ ಬೇಡಿಕೆ ಬರುವುದುಂಟು.

ಲೆಕ್ಕ ಹೇಳುವ ಸತ್ಯ

ಉದಾಹರಣೆಗೆ, ಎಂಟು ಮಂದಿ ಬಂದು ಐವರು ತಲಾ 500 ರೂಪಾಯಿಯ ಸಾಮಾನು ಕೊಂಡರೆನ್ನಿ. ಒಟ್ಟು 2,500 ರೂ. ಲಾಭಾಂಶ ಶೇ. 20 ಇದ್ದರೆ 500 ರೂ. ಅದರಲ್ಲಿ ಉಡುಗೊರೆಗೆ 150, ಆಟೋ ಹಾಗೂ ಫೋನಿಗೆ 60, ಮಾದರಿಗಳ ಸವಕಳಿಗೆ 50 ಕಳೆದರೆ ಉಳಿಯುವುದು 240 ರೂ. ಕರೆ, ಪ್ರಯಾಣ, ಡೆಮೊ, ಮಾಲು ಮುಟ್ಟಿಸುವುದು ಸೇರಿ ಆರು ತಾಸು ಹಿಡಿದರೆ ತಾಸಿಗೆ 40 ರೂ. ಬಿತ್ತು. ಸೇರುವ ಮೊದಲೇ ತಮ್ಮ ಕಂಪನಿಯ ದರಗಳನ್ನಿಟ್ಟು ಈ ಲೆಕ್ಕವನ್ನು ಪ್ರತಿಯೊಬ್ಬರೂ ಮಾಡಿ ನೋಡಬೇಕು.

ಇದರಲ್ಲಿ ಉದ್ರಿ ಸೇರಿದರೆ ಲಾಭವೇ ಉಳಿಯದು. ಒಬ್ಬಳು 500 ರೂ. ಬಾಕಿ ಉಳಿಸಿಕೊಂಡರೆ ಆ ಕೂಟದ ಲಾಭಾಂಶವೆಲ್ಲ ಅಲ್ಲಿಗೇ ಹೋಯಿತು. ಬಾಕಿ ಕೇಳಿದರೆ ನಂಟು ಕೆಡುತ್ತದೆ, ಕೇಳದಿದ್ದರೆ ಗಂಟು ಕರಗುತ್ತದೆ. ಆರ್ಡರ್ ಬರೆದುಕೊಂಡು, ಹಣ ಪಡೆದು, ನಂತರ ಮಾಲು ತರಿಸುವುದೇ ಕ್ಷೇಮ. ಗುರಿ ಮುಟ್ಟಲೆಂದು ಸ್ವಂತ ಹಣದಿಂದ ಮಾಲು ಖರೀದಿಸಿ ಕಪಾಟು ತುಂಬಿಸುವುದು, ಅದಕ್ಕಾಗಿ ಮೈಕ್ರೋ ಫೈನಾನ್ಸ್ ಸಾಲ ಎತ್ತುವುದು ಸರ್ವಥಾ ಸಲ್ಲದು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೇ ತರಬೇಕಾಗಿ ಬಂತೆಂಬುದು ನೆನಪಿನಲ್ಲಿರಲಿ.

ಕಾನೂನು ಏನೆನ್ನುತ್ತದೆ?

ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು 2021ರ ಡಿಸೆಂಬರ್ 28ರಂದು ಪ್ರಕಟವಾದವು. ಅವುಗಳ ಪ್ರಕಾರ ಮಾರಾಟಗಾರರು ಕಂಪನಿಯೊಂದಿಗೆ ಲಿಖಿತ ಒಪ್ಪಂದ ಹೊಂದಿರಬೇಕು. ಗುರುತಿನ ಚೀಟಿಯಿಲ್ಲದೆ, ಮುಂಚಿತ ಅನುಮತಿಯಿಲ್ಲದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಬೆಲೆ, ಹಣ ಪಾವತಿ, ಮರಳಿಸುವಿಕೆ, ಗ್ಯಾರಂಟಿಗಳ ವಿವರವನ್ನು ಪ್ರಾಮಾಣಿಕವಾಗಿ ತಿಳಿಸಬೇಕು. ಇತರರನ್ನು ಸೇರಿಸಿದರೆ ಕೊಟ್ಟ ಹಣ ವಾಪಸು ಬರುತ್ತದೆಂದು ಆಸೆ ತೋರಿಸಿ ಮಾರುವಂತಿಲ್ಲ.

ಪಿರಮಿಡ್ ಯೋಜನೆಗಳನ್ನು ಈ ನಿಯಮಗಳು ನಿಷೇಧಿಸಿವೆ. ಹಣ ಚಲಾವಣೆ ಯೋಜನೆಗಳ ಮೇಲೆ 1978ರ ಕಾಯ್ದೆಯ ನಿಷೇಧ ಮೊದಲಿನಿಂದಲೂ ಇದೆ. ಸೇರ್ಪಡೆ ಶುಲ್ಕ ಕೇಳುವ, ಮಾರಾಟಕ್ಕಿಂತ ಜನರನ್ನು ಸೇರಿಸುವುದಕ್ಕೇ ಹಣ ಕೊಡುವ ಸಂಸ್ಥೆ ಎದುರಾದರೆ ದೂರ ಸರಿಯುವುದು ಜಾಣತನ. ದೂರು, ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮುಂದುವರಿಯಬೇಕೆ, ನಿಲ್ಲಿಸಬೇಕೆ?

ಮೊದಲ ಐದು ಕೂಟಗಳು ಮುಗಿದ ಮೇಲೆ ಎರಡು ಸಂಗತಿಗಳನ್ನು ಬರೆದು ನೋಡಬೇಕು: ಖರ್ಚು ಕಳೆದು ಕೈಯಲ್ಲಿ ಉಳಿದದ್ದೆಷ್ಟು? ತನ್ನ ಬಂಧುವರ್ಗದ ಆಚೆಯಿಂದ ಬಂದ ಬುಕಿಂಗ್ ಎಷ್ಟು? ಎರಡನೆಯ ಪ್ರಶ್ನೆಗೆ ಉತ್ತರ ಸೊನ್ನೆಯಾದರೆ, ಅದುವರೆಗೆ ನಡೆದದ್ದು ವ್ಯಾಪಾರವಲ್ಲ, ಬಂಧುಗಳ ದಾಕ್ಷಿಣ್ಯ. ದಾಕ್ಷಿಣ್ಯ ಒಂದು ಸಲಕ್ಕೆ ಮಾತ್ರ. ಆಗ ಬಾಕಿ ಚುಕ್ತಾ ಮಾಡಿ ನಿಲ್ಲಿಸುವುದರಲ್ಲಿ ನಾಚಿಕೆಯೇನಿಲ್ಲ. ಅಪರಿಚಿತಳೊಬ್ಬಳು ತಾನಾಗಿ "ನಮ್ಮ ಮನ್ಯಾಗೂ ಒಂದ್ ಸಲ ಬರ್ರಿ" ಎಂದಿದ್ದರೆ, ಅದೇ ನಿಜವಾದ ಮೊದಲ ಬುಕಿಂಗ್.